ಹಳದಿ ಗುಳಿಗೆ

ಏಪ್ರಿಲ್ ಬಂತೆಂದರೆ ನಾಗಪುರದಲ್ಲಿ ಮಧ್ಯಾಹ್ನ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಸದರ್‌ನ ನಮ್ಮ ಓಣಿಯಲ್ಲಿ ಬಿಸಿಲೇರುವ ಮೊದಲೇ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಸಂಜೆಯವರೆಗೆ ಕೂಲರ್‌ಗಳ ಸದ್ದು ಒಂದೇ. ಆ ಸದ್ದಿನ ಮಗ್ಗುಲಲ್ಲಿ ಕೂತು ನಾನು ಮೊಮ್ಮಗಳು ಶ್ರೀರಕ್ಷಾಗೆ ಅವಳ ತಳಿಶಾಸ್ತ್ರದ ಪುಸ್ತಕ ಓದಿ ಹೇಳುತ್ತಿದ್ದೆ.

ಓದಬೇಕಾದವಳು ಅವಳು. ಬಿ.ಎಸ್ಸಿ. ಎರಡನೆಯ ವರ್ಷದ ಆ ಒಂದು ಪೇಪರ್ ಕಳೆದ ಸಲ ಉಳಿದುಹೋಗಿತ್ತು. ಪರೀಕ್ಷೆಯ ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಹುಟ್ಟಿನಿಂದಲೇ ಸಿಕಲ್ ಸೆಲ್ ಕಾಯಿಲೆ. ವಿದರ್ಭದಲ್ಲಿ ಆ ಹೆಸರು ಕೇಳದವರು ಕಡಿಮೆ. ದುಂಡಗಿರಬೇಕಾದ ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಆಗ ಎಲುಬಿನ ಒಳಗಿಂದ ನೋವು ಏಳುತ್ತದೆ. ಬೇಸಿಗೆಯಲ್ಲಿ ಮೈಯ ನೀರು ಆರಿದರೆ ಇನ್ನೂ ಬೇಗ ಏಳುತ್ತದೆ. ಪರೀಕ್ಷೆ ಇಡುವುದೂ ಬೇಸಿಗೆಯಲ್ಲೇ.

ನೋವಿದ್ದಾಗ ಅವಳಿಗೆ ಪುಸ್ತಕ ಹಿಡಿಯಲಾಗುವುದಿಲ್ಲ. ಬಿಸಿನೀರಿನ ಚೀಲವನ್ನು ಮೊಣಕಾಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಮಲಗಿರುತ್ತಾಳೆ. ಅದಕ್ಕೆ ನಾನು ಓದುವುದು, ಅವಳು ನನಗೆ ಅರ್ಥ ಹೇಳುವುದು ಎಂದು ಒಪ್ಪಂದವಾಗಿತ್ತು. ನಾನು ಧಾರವಾಡದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದವಳು. ಇಂಗ್ಲಿಷ್ ಓದಲು ಬರುತ್ತದೆ, ವಿಜ್ಞಾನ ಬರುವುದಿಲ್ಲ. ಏನೂ ಬರದವರಿಗೆ ಹೇಳಿಕೊಟ್ಟರೆ ತನಗೆ ಗಟ್ಟಿಯಾಗುತ್ತದೆ ಎಂದು ಅವಳ ಲೆಕ್ಕ.

ಪುಸ್ತಕ ಚೆನ್ನಾಗಿತ್ತು. ಒಂದೊಂದು ಅಧ್ಯಾಯಕ್ಕೆ ಒಂದೊಂದು ದೊಡ್ಡ ಪ್ರಯೋಗ. ಮೊದಲನೆಯದು ಬಟಾಣಿಯದು. ನಯವಾದ ಕಾಳನ್ನೂ ಸುಕ್ಕುಗಟ್ಟಿದ ಕಾಳನ್ನೂ ಕೂಡಿಸಿದರೆ ಮಕ್ಕಳೆಲ್ಲ ನಯವಾಗಿ ಹುಟ್ಟುತ್ತವೆ. ಆ ಮಕ್ಕಳ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಮತ್ತೆ ಸುಕ್ಕು. ನಡುವಿನ ತಲೆಮಾರಿನಲ್ಲಿ ಸುಕ್ಕು ಎಲ್ಲಿಗೂ ಹೋಗಿರುವುದಿಲ್ಲ, ಅಡಗಿ ಕೂತಿರುತ್ತದೆ.

"ಪ್ರತಿ ಕಾಳಿಗೂ ತಾಯಿಂದ ಒಂದು, ತಂದಿಯಿಂದ ಒಂದು ಚೀಟಿ ಬರ್ತದ ಅಜ್ಜಿ. ಎರಡೂ ಸುಕ್ಕು ಅಂದ್ರನೇ ಸುಕ್ಕು."

"ನೆನಪಿಟ್ಟೇನಿ. ಮುಂದ?"

ಮುಂದಿನ ಒಂದು ಅಧ್ಯಾಯದಲ್ಲಿ ಅಡುಗೆಮನೆಯ ಮಿಕ್ಸರ್ ಬಂತು. ಬ್ಯಾಕ್ಟೀರಿಯಾದ ಮೈಗೆ ವೈರಸ್ಸುಗಳು ಅಂಟಿಕೊಂಡು ಏನನ್ನೋ ಒಳಗೆ ಚುಚ್ಚುತ್ತವೆ. ಒಳಗೆ ಹೋದದ್ದು ಪ್ರೋಟೀನೋ ಡಿ.ಎನ್.ಎ.ಯೋ ಎಂದು ತಿಳಿಯಬೇಕು. ಹೊರಗೆ ಅಂಟಿದ ಸಿಪ್ಪೆಗಳನ್ನು ಉದುರಿಸಲು ಮಿಕ್ಸರಿಗೆ ಹಾಕಿ ತಿರುಗಿಸಿದರಂತೆ. ಸಿಪ್ಪೆ ಹೊರಗೆ ಉಳಿಯಿತು, ಡಿ.ಎನ್.ಎ. ಒಳಗೆ ಸಿಕ್ಕಿತು.

"ನಮ್ಮ ಮಿಕ್ಸರಿನ್ಯಾಗ ಹಾಕಿದ್ರ ಬ್ಯಾಕ್ಟೀರಿಯಾನೂ ಚಟ್ನಿ ಆಗ್ತಿತ್ತು," ಎಂದೆ.

ಶ್ರೀರಕ್ಷಾ ನಕ್ಕಳು. ನಗುವಾಗ ಮೊಣಕಾಲು ಅಲುಗಿ "ಆಯೀ ಗ" ಎಂದು ತಾಯಿಯನ್ನು ಮರಾಠಿಯಲ್ಲಿ ಕರೆದು ಮುಖ ಕಿವಿಚಿದಳು. ಕೆಳಗಿನ ಮನೆಯ ಡಿಸೋಜಾ ಬಾಯಿಗೆ ಅದು ಕೇಳಿಸಿರಬೇಕು. ಅವರ ಟಿ.ವಿ.ಯ ಸದ್ದು ಇಳಿಯಿತು. ಇವಳಿಗೆ ನೋವು ಬಂದಾಗಲೆಲ್ಲ ಅವರು ಹಾಗೇ ಮಾಡುತ್ತಾರೆ. ಎಂದೂ ಅದರ ಬಗ್ಗೆ ಮಾತಾಡಿಲ್ಲ.

ಅದೇ ಸಂಜೆ ಗದಗದಿಂದ ನನ್ನ ತಮ್ಮ ಸೋಮಣ್ಣನ ಫೋನ್ ಬಂತು.

ನನ್ನ ಮಗಳು ನಯನಾಳೂ ಇದೇ ಊರಿನಲ್ಲಿದ್ದಾಳೆ. ಅವಳ ಮಗ ಧನಂಜಯ ಮಿಹಾನ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಸೋಮಣ್ಣನ ಮಗಳ ಮಗಳು ಸಿಂಧೂರ; ಗದಗದಲ್ಲಿ ಅಜ್ಜನ ಮನೆಯಲ್ಲೇ ಬೆಳೆದು ಶಾಲೆಯಲ್ಲಿ ಕಲಿಸುತ್ತಾಳೆ. ನನ್ನ ಮಗಳ ಮಗನಿಗೆ ಅವನ ಮಗಳ ಮಗಳು. ನಮ್ಮಲ್ಲಿ ಇದು ಬಹಳ ಮೆಚ್ಚುಗೆಯ ಸಂಬಂಧ. ಹುಡುಗನೂ ಹುಡುಗಿಯೂ ಒಪ್ಪಿದ್ದರು, ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಷಯ ತದಿಗೆಗೆ ಗದಗದಲ್ಲಿ ಮದುವೆಯ ನಿಶ್ಚಯ ಎಂದು ನಿಗದಿಯಾಗಿತ್ತು.

"ಅಕ್ಕಾ, ನೀ ಮುಂಚೇನ ಬರಬೇಕು ಮತ್ತ. ಬಿಸಲು, ಸುಸ್ತು ಅಂತ ನೆವ ಹೇಳಬ್ಯಾಡ," ಎಂದ ಸೋಮಣ್ಣ. ನನಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಫೋನು ಯಾವಾಗಲೂ ಜೋರಾಗಿಯೇ ಇರುತ್ತದೆ. "ಒಮ್ಮೆ ಹೊರಗಿನ ರಕ್ತ ತಂದು ಕೈ ಸುಟ್ಟಕೊಂಡೇವಿ. ಇನ್ನ ಏನಿದ್ರೂ ಕಳ್ಳುಬಳ್ಳಿ ಒಳಗ. ಭಾವ ಇದ್ರ ಎಷ್ಟು ಖುಷಿ ಪಡ್ತಿದ್ರು."

ಅಡುಗೆಮನೆಯಲ್ಲಿ ನನ್ನ ಸೊಸೆ ಚಾರುಲತಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಹೊರಗಿನ ರಕ್ತ ಎಂದರೆ ಅವಳೇ. ಮಹಾಲ್ ಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿದ್ದ ಮರಾಠಿ ಮನೆಯ ಹುಡುಗಿ. ನನ್ನ ಮಗ ಸಿದ್ದೇಶ ರೈಲ್ವೆ ಕಚೇರಿಗೆ ಸೇರಿದ ಮೇಲೆ ಮೆಚ್ಚಿ ಮದುವೆಯಾದ. ಮದುವೆಗೆ ಮೊದಲೇ ಅವಳು ತಾನಾಗಿ ಬಂದು ಹೇಳಿದ್ದಳು: ತನ್ನ ರಕ್ತದಲ್ಲಿ ಸಿಕಲ್‌ನ ಅರ್ಧ ಇದೆ, ತನಗೆ ಕಾಯಿಲೆಯಿಲ್ಲ, ಆದರೆ ಹುಡುಗನ ರಕ್ತವನ್ನೂ ನೋಡಿಸಿರಿ. ನೋಡಿಸಿದೆವು. ಸಿಕಲ್ ಇಲ್ಲ ಎಂದು ಬಂತು. ಆದರೂ ಶ್ರೀರಕ್ಷಾ ಹೀಗೆ ಹುಟ್ಟಿದಳು. ನಮ್ಮ ಯಜಮಾನರು ದೊಡ್ಡಯ್ಯನವರು ಅಂಬಾಝರಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು. ಕೆಟ್ಟವರಲ್ಲ. ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವರು. ಆದರೆ ಕಣ್ಣು ಮುಚ್ಚುವವರೆಗೂ ಅವರದು 'ಹೊರಗಿನ ರಕ್ತ' ಎಂಬ ಅದೊಂದು ಮಾತು ಉಳಿಯಿತು. ಅವರು ಹೋದ ಮೇಲೆ ಅದನ್ನು ಸೋಮಣ್ಣ ಎತ್ತಿಕೊಂಡ.

ಫೋನ್ ಇಟ್ಟೆ. ಚಾರುಲತಾ ಕೈ ಒರೆಸಿಕೊಂಡು ಬಂದು ನೀರಿನ ಲೋಟ ಮತ್ತು ನನ್ನ ರಕ್ತದ ಗುಳಿಗೆ ಕೊಟ್ಟಳು.

"ಸುಸ್ತು ಐತೇನ್ರಿ ಅತ್ತಿ, ಇವತ್ತ ಜಾಸ್ತಿ?"

"ದಿನದಷ್ಟ ಐತವಾ."

ಈ ಸುಸ್ತು ನನ್ನ ಹಳೆಯ ಜೊತೆಗಾರ. ಹಾಸ್ಟೆಲಿನ ಮೆಟ್ಟಿಲು ಹತ್ತುವಾಗಲೂ ನಡುವೆ ನಿಲ್ಲುತ್ತಿದ್ದೆ. ನಮ್ಮ ಅವ್ವನಿಗೂ ಹಾಗೇ. ರೊಟ್ಟಿ ಬಡಿಯುತ್ತಾ ನಡುವೆ ಗೋಡೆಗೆ ಒರಗಿ ಕೂರುತ್ತಿದ್ದಳು. ನಮ್ಮ ಮನೆಯಲ್ಲಿ ಅದಕ್ಕೆ 'ರಕ್ತ ಕಡಿಮೆ' ಎಂದು ಹೆಸರು. ಕಬ್ಬಿಣದ ಗುಳಿಗೆ, ಕಬ್ಬಿಣದ ಟಾನಿಕ್ಕು, ಬೀಟ್‌ರೂಟು, ಖರ್ಜೂರ, ಎಲ್ಲ ತಿಂದೆ. ಹೊಟ್ಟೆ ಕಟ್ಟಿತೇ ಹೊರತು ರಕ್ತ ಏರಲಿಲ್ಲ.

ಮರುದಿನ ಓದಿದ್ದು ಸಿಕಲ್‌ನ ಅಧ್ಯಾಯವನ್ನೇ. ಅದನ್ನು ಬಿಟ್ಟು ಮುಂದೆ ಹೋಗೋಣವೇ ಎಂದು ಕೇಳಿದೆ. "ನನ್ನ ಮ್ಯಾಲೇ ಬರದಾರ, ನಾನೇ ಬಿಟ್ರ ಹ್ಯಾಂಗ?" ಎಂದಳು ಶ್ರೀರಕ್ಷಾ.

ರಕ್ತದ ಕೆಂಪು ವಸ್ತುವನ್ನು ತೆಗೆದು ದ್ರವದಲ್ಲಿ ಇಟ್ಟು ವಿದ್ಯುತ್ ಹಾಯಿಸುತ್ತಾರೆ. ಒಳ್ಳೆಯ ಹಿಮೋಗ್ಲೋಬಿನ್ ಒಂದು ವೇಗದಲ್ಲಿ ಹೋಗುತ್ತದೆ, ಸಿಕಲ್‌ನದು ಬೇರೆ ವೇಗದಲ್ಲಿ. ಪುಸ್ತಕದಲ್ಲಿ ಅದರ ಚಿತ್ರವಿತ್ತು. ಆರೋಗ್ಯವಂತರದು ಒಂದು ದಿಬ್ಬ. ಕಾಯಿಲೆಯವರದೂ ಒಂದು ದಿಬ್ಬ, ಆದರೆ ಬೇರೆ ಜಾಗದಲ್ಲಿ. ಕಾಯಿಲೆಯಿಲ್ಲದೆ ಸುಮ್ಮನೆ ಹೊತ್ತವರದು ಎರಡು ದಿಬ್ಬ, ಎರಡೂ ಜಾಗದಲ್ಲಿ ಒಂದೊಂದು. ಒಂದು ರೋಗದ ಮೂಲ ಒಂದು ಅಣುವಿನಲ್ಲಿದೆ ಎಂದು ಆಗಲೇ ಮೊದಲು ಕಂಡದ್ದಂತೆ.

"ನಿಮ್ಮವ್ವಂದು ಎರಡು ದಿಬ್ಬ," ಎಂದೆ.

"ಹೂಂ. ಒಂದು ಚೀಟಿ ಚಲೋದು, ಒಂದು ಸಿಕಲ್."

"ನಿಂದು?"

"ನಂದು ಒಂದೇ. ಸಿಕಲ್ ಒಂದೇ."

ನನ್ನ ಬೆರಳು ಚಿತ್ರದ ಮೇಲೆ ಇತ್ತು. ಬಟಾಣಿ ನೆನಪಾಯಿತು. ತಾಯಿಂದ ಒಂದು, ತಂದೆಯಿಂದ ಒಂದು.

"ಅಲ್ಲವಾ, ಅವ್ವನ ಕಡಿಂದ ಬರೋದು ಒಂದೇ ಚೀಟಿ. ನಿಮ್ಮಪ್ಪನ ಚೀಟಿ ಚಲೋ ಇದ್ದಿದ್ರ ನಿಂದೂ ಎರಡು ದಿಬ್ಬ ಆಗಬೇಕಿತ್ತಲ್ಲ? ಅದೆಲ್ಲಿ ಹೋತು?"

ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ಹೊರಳಿದಳು.

"ಅಜ್ಜಿ, ಈ ಪ್ರಶ್ನಾ ಪರೀಕ್ಷಾದಾಗ ಬರೂದಿಲ್ಲ. ಮುಂದ ಓದ್ರಿ."

"ಶ್ರೀ."

"ಆಯಿ ಹೇಳಬ್ಯಾಡ ಅಂದಾಳ."

ನಾನು ಪುಸ್ತಕ ಮುಚ್ಚಿದೆ. ಕೂಲರ್‌ನಲ್ಲಿ ನೀರು ಮುಗಿದು ಬಿಸಿ ಗಾಳಿ ಬರತೊಡಗಿತ್ತು. ಎದ್ದು ನೀರು ಹಾಕುವ ಶಕ್ತಿ ನನಗಿರಲಿಲ್ಲ.

"ಅಪ್ಪಂದು ಸಿಕಲ್ ಅಲ್ಲ," ಎಂದಳು ಅವಳು ಗೋಡೆಗೇ. "ಅಪ್ಪಂದು ಖಾಲಿ ಚೀಟಿ. ಥಲಸ್ಸೇಮಿಯಾ ಅಂತಾರ. ಸಿಕಲ್ ಅಂದ್ರ ತಪ್ಪು ಬರದ ಚೀಟಿ. ಇದು ಏನೂ ಬರೀದ ಚೀಟಿ. ಖಾಲಿ ಚೀಟಿ ದಿಬ್ಬ ಮಾಡೂದಿಲ್ಲ. ಅದಕ್ಕ ಆಯೀದೊಂದೇ ಕಾಣ್ತದ. ಮದುವಿ ಮುಂಚೆ ಅಪ್ಪನ ರಕ್ತ ನೋಡಿದವರು ಸಿಕಲ್ ಐತೇನು ಅಂತ ಅಷ್ಟ ಕೇಳಿದ್ರು. ಇಲ್ಲ ಅಂತು. ಬೇರೆ ಏನಾದ್ರೂ ಐತೇನು ಅಂತ ಯಾರೂ ಕೇಳಲೇ ಇಲ್ಲ. ನಾ ಹುಟ್ಟಿದ ಮ್ಯಾಲೆ ಡಾಕ್ಟರು ಇಬ್ಬರಿಗೂ ಕೂಡಿಸಿ ಹೇಳ್ಯಾರ."

"ಸಿದ್ದೇಶಗ ಅದು ಎಲ್ಲಿಂದ ಬಂತು?"

ಅವಳು ಕೈ ಹಿಂದೆ ಚಾಚಿ ನನ್ನ ಕೈ ಹಿಡಿದಳು. ಅವಳ ಕೈ ಬೆಚ್ಚಗಿತ್ತು, ನನ್ನದು ಈ ಬಿಸಿಲಲ್ಲೂ ತಣ್ಣಗಿತ್ತು.

ಚಾರುಲತಾ ಸಂಜೆ ತರಕಾರಿ ತಂದಳು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗವಾರಕಾಯಿ ಬಿಡಿಸಲು ತೆಗೆದುಕೊಂಡೆ. ಏನು ಕೇಳಬೇಕೆಂದು ಹೊಂದಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಚಾರೂ, ನನ್ನ ಗುಳಿಗಿ ಮೊದಲು ಕಪ್ಪಗೆಂಪು ಇರ್ತಿತ್ತಲ್ಲ. ಈಗ ಯಾಕ ಹಳದಿ, ಸಣ್ಣದು?"

ಅವಳು ಟೊಮೆಟೊ ತೊಳೆಯುತ್ತಿದ್ದಳು. ನಳ ನಿಲ್ಲಿಸಿದಳು.

"ಕಂಪನಿ ಬದಲಿ ಆತಂತ ಹೇಳಿದ್ನಲ್ರಿ."

"ಎಷ್ಟೋ ವರ್ಷ ಆತು ನೀ ಹಂಗ ಹೇಳಿ. ಖರೇ ಹೇಳವಾ. ಶ್ರೀ ಅರ್ಧ ಹೇಳ್ಯಾಳ."

ಅವಳು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು. ಸಿದ್ದೇಶನಿಗೆ ಪರೀಕ್ಷೆಯಾದಾಗ ಡಾಕ್ಟರು ಅವನ ತಂದೆತಾಯಿಯ ಬಗ್ಗೆ ಕೇಳಿದ್ದರಂತೆ. ಇವಳು ನನ್ನ ಹಳೆಯ ರಕ್ತದ ರಿಪೋರ್ಟು ಒಯ್ದು ತೋರಿಸಿದಳು. ಬಹುಶಃ ಅತ್ತೆಯಿಂದ ಬಂದದ್ದು ಎಂದರಂತೆ. ಇಂಥವರಿಗೆ ಸುಮ್ಮಸುಮ್ಮನೆ ಕಬ್ಬಿಣ ತಿನ್ನಿಸಬೇಡಿ, ಮೈಯಲ್ಲಿ ಕೂತು ಕೆಡುಕು ಮಾಡುತ್ತದೆ, ಬೇಕಾದರೆ ಫೋಲಿಕ್ ಆಸಿಡ್ ಕೊಡಿ ಎಂದರಂತೆ. ಅಂದಿನಿಂದ ಡಬ್ಬಿಯಲ್ಲಿ ಹಳದಿ ಗುಳಿಗೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮಾವಾರು ನಿಮ್ಮನ್ನ ಏನರ ಅಂತಿದ್ರು," ಎಂದಳು. "ಅವ್ರಿಗಿ ಯಾರಿಗರ ಅನ್ನಾಕಽ ಬೇಕಿತ್ತು. ನನಗ ರೂಢಿ ಆಗಿತ್ತು. ಮತ್ತ ನಿಮಗ ಯಾಕ? ಮೊದಲಽ ಸುಸ್ತ ಆಗಿರ್ತೀರಿ." ಟೊಮೆಟೊವನ್ನು ಒಂದೊಂದಾಗಿ ಒರೆಸಿ ಬುಟ್ಟಿಗೆ ಇಟ್ಟಳು. "ಸಿದ್ದೇಶಗೂ ನಾನಽ ಬ್ಯಾಡ ಅಂದೆ. ಅವಗ ಸಿಟ್ಟ ಬಂದಿತ್ತು. ಥಾಂಬ, ತಡಿ ಅಂದೆ."

ಗವಾರಕಾಯಿ ನನ್ನ ಮಡಿಲಲ್ಲಿ ಹಾಗೇ ಇತ್ತು. ಕೃತಜ್ಞತೆ ಹೇಳಲು ನಮ್ಮ ಮನೆಯ ಮಾತಿನಲ್ಲಿ ಶಬ್ದವಿಲ್ಲ, ಪುಸ್ತಕದ ಶಬ್ದ ಅಲ್ಲಿ ಹೊಂದುವುದೂ ಇಲ್ಲ. ಅವಳೇ ನನ್ನ ಮಡಿಲಿನಿಂದ ಕಾಯಿ ತೆಗೆದುಕೊಂಡು, "ಬಿಡ್ರಿ, ನಾ ಬಿಡಸ್ತೀನಿ, ಹೋಗಿ ಮಲಕೋರಿ," ಎಂದಳು.

ನಾನು ಏಳಲಿಲ್ಲ. ಆಗಲೇ ನನಗೆ ಇನ್ನೊಂದು ಹೊಳೆದಿತ್ತು.

ನನ್ನದು ಅವ್ವನಿಂದ ಬಂದದ್ದಾದರೆ ಸೋಮಣ್ಣನಿಗೂ ಬಂದಿರಬಹುದು. ನನ್ನಿಂದ ನಯನಾಗೆ, ಅವಳಿಂದ ಧನಂಜಯನಿಗೆ. ಸೋಮಣ್ಣನಿಂದ ಅವನ ಮಗಳಿಗೆ, ಅವಳಿಂದ ಸಿಂಧೂರಾಗೆ. ಹೊರಗಿನ ರಕ್ತ ಬೇಡ ಎಂದು ಓಡಿ ಓಡಿ ನಾವು ಎರಡು ಖಾಲಿ ಚೀಟಿಗಳನ್ನು ಒಂದೇ ಮಂಟಪದಲ್ಲಿ ಕೂರಿಸಲು ಹೊರಟಿದ್ದೆವು.

"ಇದು ನಿನಗ ಹೊಳದಿರಲಿಲ್ಲೇನು?" ಎಂದು ಚಾರುಲತಾಳನ್ನು ಕೇಳಿದೆ.

"ಹೊಳದಿತ್ತು. ನಿಶ್ಚಯ ಗೊತ್ತಾದ ದಿನದಿಂದ ನನಗ ನಿದ್ದಿ ಇಲ್ಲ," ಎಂದಳು. "ಧನಂಜಯಗ ಹೆಂಗರ ಮಾಡಿ ಹೇಳಬೇಕಂತ ಸಿದ್ದೇಶ ನಾನೂ ಮಾತಾಡ್ಕೋತ ಇದ್ವಿ. ನಾ ಬಾಯಿ ತಗದ್ರ ಮದುವಿ ಮುರ್ಯಾಕ ಬಂದ್ಲು ಅಂತಾರ. ನೀವ ಹೇಳಿದ್ರ ಕೇಳ್ತಾರ."

ಮರುದಿನ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಲ್ಯಾಬಿಗೆ ಹೋದೆವು. ರಕ್ತ ತೆಗೆಯುವ ಹುಡುಗಿಗೆ ನನ್ನ ನರ ಸಿಗಲಿಲ್ಲ. ಇನ್ನೊಮ್ಮೆ ಚುಚ್ಚುವ ಬದಲು ಅವಳು ಸೂಜಿ ಬದಿಗಿಟ್ಟು, ನನ್ನ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟು ಉಜ್ಜಿದಳು. "ಆಜೀ, ಹಾತ್ ಕಿತೀ ಥಂಡ್," ಕೈ ಎಷ್ಟು ತಣ್ಣಗಿದೆ ಎಂದು ನಕ್ಕಳು. ಆಮೇಲೆ ಒಂದೇ ಸಲಕ್ಕೆ ಸಿಕ್ಕಿತು.

ರಿಪೋರ್ಟು ಬರುವವರೆಗೆ ನಾವು ಓದು ನಿಲ್ಲಿಸಲಿಲ್ಲ. ಶ್ರೀರಕ್ಷಾಗೆ ನೋವು ಇಳಿಯುತ್ತಿತ್ತು, ಪರೀಕ್ಷೆ ಹತ್ತಿರ ಬರುತ್ತಿತ್ತು. ಡಿ.ಎನ್.ಎ. ಹೇಗೆ ಎರಡಾಗುತ್ತದೆ ಎಂಬ ಅಧ್ಯಾಯ ಓದಿದೆವು. ಬ್ಯಾಕ್ಟೀರಿಯಾಗಳನ್ನು ಭಾರದ ಸಾರಜನಕದಲ್ಲಿ ಬೆಳೆಸಿ, ಆಮೇಲೆ ಹಗುರದ್ದಕ್ಕೆ ಹಾಕಿ, ಪ್ರತಿ ತಲೆಮಾರನ್ನೂ ತೂಗಿ ನೋಡಿದರಂತೆ. ಎಳೆಗಳು ಬಿಚ್ಚಿಕೊಂಡು ಪ್ರತಿಯೊಂದು ಹಳೆಯ ಎಳೆಯೂ ಪಕ್ಕಕ್ಕೆ ಒಂದು ಹೊಸ ಎಳೆಯನ್ನು ಕಟ್ಟಿಕೊಳ್ಳುತ್ತದೆ. ಎಷ್ಟು ತಲೆಮಾರಾದರೂ ಮೊದಲಿನ ಎಳೆ ಕರಗುವುದಿಲ್ಲ.

"ಎಷ್ಟು ದಣಿದಿರಬೇಕದು," ಎಂದೆ.

"ಯಾವುದು?"

"ಆ ಹಳೇ ಎಳಿ."

"ಅಜ್ಜಿ, ಹಿಂಗ ಬರದ್ರ ನನಗ ಸೊನ್ನಿ ಕೊಡ್ತಾರ," ಎಂದಳು ಶ್ರೀರಕ್ಷಾ.

ನನ್ನ ರಿಪೋರ್ಟು ಡಾಕ್ಟರ ಊಹೆಯ ಹಾಗೇ ಬಂತು. ನಯನಾಗೆ ಬರಹೇಳಿದೆ. ಅವಳು ಮಗನನ್ನೂ ಕರೆದುಕೊಂಡು ಬಂದಳು. ನಾನು ಹೇಳುತ್ತಾ ಹೋದ ಹಾಗೆ ಅವಳ ಮುಖ ಬಿಗಿಯಿತು.

"ನಿಶ್ಚಯಕ್ಕ ಸೀರಿ ತಗೊಂಡ ಮ್ಯಾಲೆ ಇದೇನ ಹೊಸಾದವ್ವಾ? ಯಾರು ತಲಿ ತುಂಬ್ಯಾರ ನಿನಗ?" ಎಂದು ಅಡುಗೆಮನೆಯ ಕಡೆ ನೋಡಿದಳು.

"ಈ ಪುಸ್ತಕ ತುಂಬೇತಿ," ಎಂದು ಶ್ರೀರಕ್ಷಾಳ ಪುಸ್ತಕ ಎತ್ತಿ ತೋರಿಸಿದೆ. "ಮತ್ತ ಇದು ಹೊಸಾದಲ್ಲ. ನಿಮ್ಮಜ್ಜಿದು."

ಧನಂಜಯ ಎದ್ದು ಚಪ್ಪಲಿ ಮೆಟ್ಟಿದ. "ಎಲ್ಲಿ ಹೊಂಟಿ?" ಎಂದಳು ನಯನಾ. "ಲ್ಯಾಬಿಗೆ. ಬಂದ್ ಮಾಡೋಕ್ಕಿಂತ ಮೊದಲ," ಎಂದ. ಅವನದೂ ನನ್ನ ಹಾಗೇ ಬಂತು.

ಸೋಮಣ್ಣನಿಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ಅವನು ಮೊದಲು ನಕ್ಕ, ಆಮೇಲೆ ರೇಗಿದ.

"ಅಕ್ಕಾ, ಎಪ್ಪತ್ತು ದಾಟಿದ ಮ್ಯಾಲೆ ನೀ ಡಾಕ್ಟರಕಿ ಕಲಿತಿಯೇನು? ಆ ನಿನ್ನ ಸೊಸಿ ಮಗಳಿಗೆ ಹಿಂಗಾತು ಅಂತ ಎಲ್ಲಾರ ಮನ್ಯಾಗೂ ರೋಗ ಹುಡುಕ್ತಾಳ."

"ಸೋಮೂ, ಅವ್ವ ರೊಟ್ಟಿ ಬಡೀತ ಗ್ವಾಡಿಗೆ ಆತಕೊಂಡು ಕೂಡತಿದ್ಲು. ನೆನಪೈತೇನು?"

ಅತ್ತ ಕಡೆ ಅವನು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ನಿನ್ನನೂ ಸಾಲ್ಯಾಗ ಓಡೂ ಪಂದ್ಯಕ್ಕ ತಗೋತಿರಲಿಲ್ಲ. ಮಾಸ್ತರು 'ಬಿಳಿ ಜ್ವಾಳ' ಅಂತಿದ್ರು ನಿನಗ."

"ಅದೆಲ್ಲಾ ಯಾಕ ಈಗ," ಎಂದ. "ಹುಡುಗಿಗೆ ಸೂಜಿ ಚುಚ್ಚಗೊಡಂಗಿಲ್ಲ ನಾ. ಬೇಕಾದ್ರ ನಂದು ತಗೀಲಿ. ನಂದು ಬರೋಬರ್ ಇತ್ತಂದ್ರ ಎಲ್ಲಾರೂ ಬಾಯಿ ಮುಚ್ಚಬೇಕು."

ಅವನು ಹಟಮಾರಿ, ಆದರೆ ಮಾತಿಗೆ ತಪ್ಪುವವನಲ್ಲ. ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟುಬಂದ. ಆಮೇಲೆ ಅವನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಬರದಿದ್ದದ್ದೇ ಉತ್ತರವಾಗಿತ್ತು.

ಶ್ರೀರಕ್ಷಾ ಪರೀಕ್ಷೆ ಬರೆದು ಬಂದ ದಿನ ಸಿಂಧೂರಾಳ ವಿಡಿಯೋ ಕಾಲ್ ಬಂತು. ನನಗಲ್ಲ, ಶ್ರೀರಕ್ಷಾಗೆ. ಅವಳು ಆಯಾಸದಿಂದ ಹಾಸಿಗೆಯ ಮೇಲೆ ಅಡ್ಡಾಗಿದ್ದಳು, ನಾನು ಅವಳ ಕಾಲು ಒತ್ತುತ್ತಿದ್ದೆ. ಏಳಲು ಹೋದರೆ "ಕೂಡ್ರಿ ಅಜ್ಜಿ" ಎಂದಳು.

ಸಿಂಧೂರ ಬೇಸಿಗೆ ಶಿಬಿರ ನಡೆಯುತ್ತಿದ್ದ ಶಾಲೆಯ ಮೈದಾನದಲ್ಲಿ ಯಾವುದೋ ಮರದ ಕೆಳಗೆ ನಿಂತಿದ್ದಳು. ಕಣ್ಣು ಊದಿತ್ತು.

"ನಂದೂ ಬಂತು ಶ್ರೀ. ನನಗೂ ಐತಿ. ಅಜ್ಜ ತಾನಽ ಕರಕೊಂಡು ಹೋಗಿದ್ದ."

"ಧನಂಜಯಗ ಹೇಳಿದ್ಯಾ?"

"ಹೇಳೇನಿ. ಅವ ಅಂತಾನ, ನಿನಗ ಹ್ಯಾಂಗ ಅನಸ್ತದ ಹಂಗ ಅಂತ. ನನಗ ಏನ ಅನಸ್ತದೋ ನನಗಽ ತಿಳೀವಲ್ತು. ನೀ ಓದೀಯಲ್ಲ, ನೀ ಹೇಳು."

ಶ್ರೀರಕ್ಷಾ ಬಟಾಣಿಯಿಂದಲೇ ಶುರು ಮಾಡಿದಳು. ಪ್ರತಿ ಸಲ ಬಸಿರಾದಾಗಲೂ ಇಬ್ಬರೂ ಒಂದೊಂದು ನಾಣ್ಯ ಹಾರಿಸಿದ ಹಾಗೆ. ನಾಲ್ಕರಲ್ಲಿ ಒಂದು ಪಾಲು ಎರಡೂ ಚೀಟಿ ಖಾಲಿ ಬರಬಹುದು. ಅಂಥ ಮಗುವಿಗೆ ಬದುಕಿಡೀ ರಕ್ತ ಹಾಕಿಸುತ್ತಿರಬೇಕು. ಮೊದಲನೇದು ಚೆನ್ನಾಗಿ ಹುಟ್ಟಿತೆಂದು ಎರಡನೇದಕ್ಕೆ ರಿಯಾಯಿತಿ ಇಲ್ಲ, ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಬಸಿರಿನಲ್ಲೇ ನೋಡುವ ಪರೀಕ್ಷೆ ಇದೆ. ನೋಡಿದ ಮೇಲೆ ಏನು ಮಾಡಬೇಕೆಂದು ಆಗ ನಿರ್ಧರಿಸಬೇಕಾಗುತ್ತದೆ. ಇದನ್ನೆಲ್ಲ ಅವಳು ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು.

ಸಿಂಧೂರ ಕೇಳುತ್ತಾ ನಿಂತಿದ್ದಳು. ಆಮೇಲೆ ಮೆಲ್ಲಗೆ, "ಸಿಟ್ಟಾಗಬ್ಯಾಡ. ನಿನಗ ನೋವ ಬಂದಾಗ... ಹುಟ್ಟಬಾರದಿತ್ತು ಅಂತ ಅನಸ್ತದೇನು?" ಎಂದಳು.

ನನ್ನ ಕೈ ಅವಳ ಪಾದದ ಮೇಲೆ ನಿಂತುಹೋಯಿತು. ಬಾಗಿಲಲ್ಲಿ ಚಾರುಲತಾ ಶರಬತ್ತಿನ ಲೋಟ ಹಿಡಿದು ನಿಂತದ್ದು ಆಗಲೇ ಕಂಡದ್ದು.

"ನೋವ ಬಂದಾಗ ನೋವ ಹೋಗಬೇಕು ಅನಸ್ತದ," ಎಂದಳು ಶ್ರೀರಕ್ಷಾ. "ನಾ ಹೋಗಬೇಕು ಅಂತ ಅನಸೂದಿಲ್ಲ. ನನಗ ನಾ ಬೇಕು. ಆದ್ರ ನನ್ನ ಆಯಿ ಅಪ್ಪಗ ಗೊತ್ತಿರಲಿಲ್ಲ, ನಿಮಗ ಗೊತ್ತೈತಿ. ಅಷ್ಟಽ ಫರಕು. ಗೊತ್ತಿದ್ದವರು ಏನ ಮಾಡಬೇಕಂತ ನನ್ನ ಕೇಳಬ್ಯಾಡ ಸಿಂಧೂ. ನನ್ನ ನೋಡಿ ಹೂಂ ಅನಬ್ಯಾಡ, ನನ್ನ ನೋಡಿ ಒಲ್ಲೆ ಅಂತನೂ ಅನಬ್ಯಾಡ."

ಅತ್ತ ಕಡೆ ಶಾಲೆಯ ಗಂಟೆ ಹೊಡೆಯಿತು. "ಹೂಂ," ಎಂದಳು ಸಿಂಧೂರ. "ಪೇಪರ್ ಹ್ಯಾಂಗಿತ್ತು?"

"ಮಿಕ್ಸರಿನ ಪ್ರಶ್ನಾ ಬಂದಿತ್ತು. ಚಟ್ನಿ ಚಲೋ ಆಗೇದ."

ಅಕ್ಷಯ ತದಿಗೆ ಬಂದು ಹೋಯಿತು. ನಿಶ್ಚಯ ಆಗಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಧನಂಜಯ ಒಬ್ಬನೇ ಗದಗಕ್ಕೆ ಹೋಗಿದ್ದ. ಇಬ್ಬರೂ ಎದುರು ಬದುರು ಕೂತು ಮಾತಾಡಿ ಬೇಡವೆಂದುಕೊಂಡರಂತೆ. ಬಂದವನು ಎರಡು ದಿನ ನಮ್ಮ ಮನೆಯಲ್ಲೇ ಇದ್ದ, ತಾಯಿಯ ಬಳಿಗೆ ಹೋಗಲಿಲ್ಲ. ಚಾರುಲತಾ ಅವನನ್ನು ಏನೂ ಕೇಳಲಿಲ್ಲ. ಬೆಳಿಗ್ಗೆ ಪೋಹೆ ಮಾಡಿ ತಟ್ಟೆ ಮುಂದಿಟ್ಟು, ಅವನ ಶರ್ಟು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದಳು. ಮೂರನೆಯ ದಿನ ಅವನು ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋದ. ನಯನಾ ಇನ್ನೂ ಮಾತಾಡುತ್ತಿಲ್ಲ. ಸೀರೆ ಅವಳ ಕಪಾಟಿನಲ್ಲೇ ಇದೆ. ಬರುತ್ತಾಳೆ, ಮಗಳು ಎಲ್ಲಿಗೆ ಹೋಗುತ್ತಾಳೆ.

ಮೊನ್ನೆ ಸೋಮಣ್ಣ ಫೋನ್ ಮಾಡಿದ. ಬಿಸಿಲಿನ ಮಾತಾಡಿದ, ತನ್ನ ಮೊಣಕಾಲಿನ ಮಾತಾಡಿದ. ಮುರಿದ ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ. ಆಮೇಲೆ, "ಅಕ್ಕಾ, ನಿನ್ನ ಸೊಸಿ ಅದಾಳೇನು? ಫೋನ್ ಆಕಿಗೆ ಕೊಡು," ಎಂದ.

ಇಷ್ಟು ವರ್ಷಗಳಲ್ಲಿ ಅವನು ಹಾಗೆ ಕೇಳಿದ್ದು ನಾನು ಕಾಣೆ. ಚಾರುಲತಾ ಕೈ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಜೋರಾಗಿಯೇ ಇತ್ತು.

"ಚಾರುಲತಾ ಅವರೇನ್ರಿ? ನಾ ಸೋಮಣ್ಣ."

"ಹೂಂ ಮಾವಾರಿ. ಹೇಳ್ರಿ."

ಅವನು ಕೆಮ್ಮಿದ. ಗದಗದ ಮನೆಯ ಮುಂದೆ ಯಾವುದೋ ಬಸ್ಸು ಹಾದುಹೋದ ಸದ್ದು ಕೇಳಿಸಿತು.

"ನಾನೂ ಕಬ್ಬಿಣದ ಗುಳಿಗಿ ತಗೋತಿದ್ನಿರಿ. ಡಾಕ್ಟರು ಬಂದ್ ಮಾಡಂದಾರ," ಎಂದ ಕೊನೆಗೆ. "ಅಕ್ಕಗ ನೀವ ಯಾವ ಗುಳಿಗಿ ಕೊಡ್ತೀರಿ, ಅದರ ಹೆಸರೊಂದು ಹೇಳ್ರಿ."

ಚಾರುಲತಾ ಹೆಸರು ಹೇಳಿದಳು. ಅವನಿಗೆ ತಿಳಿಯಲಿಲ್ಲ. ಅಕ್ಷರ ಬಿಡಿಸಿ ಹೇಳಿದಳು. ಊಟದ ಮೇಲೆ ತಗೋರಿ, ಡಾಕ್ಟರಿಗೆ ಒಮ್ಮೆ ಕೇಳಿ ತಗೋರಿ ಎಂದಳು. "ಆತ್ರಿ," ಎಂದ ಅವನು. "ಶ್ರಾವಣದಾಗ ಎಲ್ಲಾರೂ ಬರ್ರಿ. ನೀವೂ ಬರಬೇಕು."

ಫೋನ್ ನನ್ನ ಕೈಗೆ ವಾಪಸು ಬಂತು. ಚಾರುಲತಾ ಒಳಗೆ ಹೋಗಿ ನಳ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಪಾತ್ರೆಯ ಸದ್ದು ಏನೂ ಬರಲಿಲ್ಲ, ನೀರಿನದಷ್ಟೇ. ನಾನು ಒಳಗೆ ಹೋಗಲಿಲ್ಲ.

ಶ್ರೀರಕ್ಷಾಳ ಫಲಿತಾಂಶ ಇನ್ನೂ ಬಂದಿಲ್ಲ. ಮಳೆ ಬಂದ ಮೇಲೆ ಬರುತ್ತದಂತೆ. ಅವಳು ಮೂರನೆಯ ವರ್ಷದ ಪುಸ್ತಕ ಆಗಲೇ ತಂದಿಟ್ಟಿದ್ದಾಳೆ. ಅದು ಇನ್ನೂ ದಪ್ಪ. ನೋಡಿದರೇ ನನಗೆ ದಣಿವಾಗುತ್ತದೆ.

ಸ್ವಲ್ಪ ಹೊತ್ತಿಗೆ ಚಾರುಲತಾ ಹೊರಗೆ ಬಂದಳು. ಒಂದು ಕೈಯಲ್ಲಿ ನೀರು, ಇನ್ನೊಂದು ಅಂಗೈಯಲ್ಲಿ ಹಳದಿ ಗುಳಿಗೆ. "ತಗೋರಿ ಅತ್ತಿ," ಎಂದಳು ಎಂದಿನ ಹಾಗೆ. ತಗೊಂಡೆ.